ವಿಎಲ್‌ಸಿ ಅಪ್‌ಡೇಟ್ ಮಾಡಲೇ, ಬೇರೆ ಪ್ಲೇಯರ್ ಹಾಕಲೇ?

ಪ್ರಶ್ನೆ:

"ಸರ್, ನಾನು ಸಿರ್ಸಿ ಕಡೆಯವಳು, ನಿವೃತ್ತ ಹೈಸ್ಕೂಲ್ ಟೀಚರ್. 2015ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ, ಈಗ ಅದರಲ್ಲಿ ವಿಂಡೋಸ್ 10. ನಮ್ಮ ಯಜಮಾನರು ವರ್ಷಗಟ್ಟಲೆ ಯಕ್ಷಗಾನದ ಆಟ, ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿ ಇಟ್ಟಿದ್ದರು. ಅವರು ಹೋದ ಮೇಲೆ ಆ ಕ್ಯಾಸೆಟ್ಟು, ಡಿವಿಡಿಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿಸಿದ್ದೇನೆ. ನೋಡುವುದು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ. ಅದರಲ್ಲಿ 2.2.1 ಎಂದು ಬರೆದಿದೆ. ಅಮೆರಿಕದಲ್ಲಿರುವ ಮೊಮ್ಮಗಳಿಗಾಗಿ ಒಂದೆರಡು ಪ್ರಸಂಗಗಳ ಪದ್ಯಗಳನ್ನು ನಾನೇ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಕನ್ನಡ ಸಬ್‌ಟೈಟಲ್ ಮಾಡಿದ್ದೇನೆ. ಆದರೆ ಒತ್ತಕ್ಷರಗಳು ಒಡೆದು ಬರುತ್ತವೆ. ಮಗ ಫೋನಿನಲ್ಲಿ ತೆಗೆದು ಕಳಿಸುವ ವಿಡಿಯೊ ತಡೆ ತಡೆದು ಓಡುತ್ತದೆ.

ಕಳೆದ ತಿಂಗಳು ಪರದೆಯ ಮೂಲೆಯಲ್ಲಿ 'ನಿಮ್ಮ ಪ್ಲೇಯರ್ ಹಳೆಯದಾಗಿದೆ, ಕೂಡಲೇ ಅಪ್‌ಡೇಟ್ ಮಾಡಿ' ಎಂದು ಬಂತು. ಒತ್ತಿದೆ. ಏನೋ ಡೌನ್‌ಲೋಡ್ ಆಯಿತು, ಹಾಕಿಕೊಂಡೆ. ವಿಎಲ್‌ಸಿ ಹಾಗೇ ಇದೆ. ಆದರೆ ಬ್ರೌಸರ್ ತೆರೆದರೆ ಯಾವುದೋ ಗೊತ್ತಿಲ್ಲದ ಸರ್ಚ್ ಪುಟ ಬರುತ್ತಿದೆ. ಅಳಿಯ 'ನಡೀತಾ ಇರೋದನ್ನ ಮುಟ್ಟಬೇಡಿ ಅತ್ತೆ' ಅನ್ನುತ್ತಾರೆ. ಪಕ್ಕದ ಮನೆ ಹುಡುಗ 'ವಿಎಲ್‌ಸಿ ಚೀನಾದ್ದು, ಇಂಡಿಯಾದಲ್ಲಿ ಬ್ಯಾನ್ ಆಗಿದೆ, ಪಾಟ್‌ಪ್ಲೇಯರ್ ಹಾಕಿ' ಅನ್ನುತ್ತಾನೆ. ಅಪ್‌ಡೇಟ್ ಮಾಡಿದರೆ ರೆಕಾರ್ಡಿಂಗ್‌ಗಳಿಗೆ ಏನಾದರೂ ಆಗುತ್ತದಾ? ಬೇರೆ ಪ್ಲೇಯರ್ ಬೇಕಾ? ಬೇಕಾದರೆ ಯಾವುದು?"

ಉತ್ತರ:

ಮೇಡಂ, ಮೊದಲು ನಿಮ್ಮ ದೊಡ್ಡ ಆತಂಕದ ಬಗ್ಗೆ ಹೇಳುತ್ತೇನೆ. ಪ್ಲೇಯರ್ ಅಪ್‌ಡೇಟ್ ಮಾಡಿದರೂ, ತೆಗೆದು ಬೇರೆ ಹಾಕಿದರೂ ನಿಮ್ಮ ರೆಕಾರ್ಡಿಂಗ್‌ಗಳಿಗೆ ಏನೂ ಆಗುವುದಿಲ್ಲ. ಫೈಲುಗಳು ಹಾರ್ಡ್ ಡಿಸ್ಕಿನಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ಪ್ಲೇಯರ್ ಅವನ್ನು ಓದುತ್ತದೆ, ತಿದ್ದುವುದಿಲ್ಲ. ಟೇಪ್‌ರೆಕಾರ್ಡರ್ ಬದಲಾಯಿಸಿದರೆ ಕ್ಯಾಸೆಟ್ಟಿನಲ್ಲಿದ್ದ ಪದ್ಯ ಅಳಿಸಿಹೋಗುತ್ತಿರಲಿಲ್ಲ, ಅಲ್ವಾ? ಹಾಗೆಯೇ ಇದು.

ನನಗೆ ನಿಜವಾಗಿ ದಿಗಿಲು ತಂದದ್ದು ಬೇರೆ ಎರಡು ವಿಷಯ. ಒಂದು, ಅಷ್ಟೂ ರೆಕಾರ್ಡಿಂಗ್ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇರುವಂತೆ ಕಾಣುತ್ತದೆ. ಇನ್ನೊಂದು, ಆ ಮೂಲೆಯ ಪೆಟ್ಟಿಗೆಯನ್ನು ಒತ್ತಿ ನೀವು ಹಾಕಿಕೊಂಡದ್ದು. ಮೊದಲನೆಯದಕ್ಕೆ ಈ ವಾರವೇ ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಪೂರ್ತಿ ಕಾಪಿ ಮಾಡಿ, ಮಗಳ ಮನೆಯಲ್ಲೋ ಮಗನ ಮನೆಯಲ್ಲೋ ಇಡಿ. ಆದರೆ ಕಾಪಿ ಮಾಡುವ ಮೊದಲು ಲ್ಯಾಪ್‌ಟಾಪ್ ಸ್ವಚ್ಛ ಆಗಬೇಕು. ಅದನ್ನು ಈಗ ನೋಡೋಣ.

ಮೂಲೆಯಲ್ಲಿ ಬಂದ ಆ ಎಚ್ಚರಿಕೆ ವಿಎಲ್‌ಸಿಯದ್ದಲ್ಲ. ನೀವು ಯಾವುದೋ ವೆಬ್‌ಸೈಟ್ ನೋಡುವಾಗ 'ನೋಟಿಫಿಕೇಶನ್ ಕಳಿಸಲು ಅನುಮತಿ ಕೊಡಿ' ಎಂದು ಕೇಳಿರುತ್ತದೆ, ಗೊತ್ತಿಲ್ಲದೆ 'ಅಲೋ' ಒತ್ತಿರುತ್ತೀರಿ. ಅವತ್ತಿನಿಂದ ಆ ಸೈಟು ನಿಮ್ಮ ಪರದೆಯ ಮೂಲೆಗೆ ಏನು ಬೇಕಾದರೂ ಕಳಿಸಬಹುದು. ವೈರಸ್ ಬಂದಿದೆ, ಪ್ಲೇಯರ್ ಹಳೆಯದು, ಬಹುಮಾನ ಬಂದಿದೆ, ಹೀಗೆ. ಆ ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ಬ್ರೌಸರಿನ ಹೆಸರು, ಪಕ್ಕದಲ್ಲಿ ಆ ಸೈಟಿನ ವಿಳಾಸ ಇರುತ್ತದೆ. ಅದೇ ಗುರುತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವ ವಿಎಲ್‌ಸಿ ಇದೆ ಎಂದು ಒಂದು ವೆಬ್ ಪುಟಕ್ಕೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ವೆಬ್ ಪುಟವೊಂದು 'ನಿಮ್ಮ ಪ್ಲೇಯರ್ ಹಳೆಯದು' ಅಂದರೆ ಅದು ಸುಳ್ಳು. ನಿಮ್ಮ ವಿಷಯದಲ್ಲಿ ಪ್ಲೇಯರ್ ನಿಜವಾಗಿಯೂ ಹಳೆಯದೇ ಇತ್ತು, ಆದರೆ ಅದು ಆ ಸೈಟಿನವರಿಗೆ ಗೊತ್ತಿದ್ದು ಹೇಳಿದ್ದಲ್ಲ. ಎಲ್ಲರಿಗೂ ಕಳಿಸುತ್ತಾರೆ, ನೂರರಲ್ಲಿ ನಾಲ್ಕು ಜನ ಒತ್ತಿದರೂ ಅವರಿಗೆ ಲಾಭ.

ನಿಜವಾದ ಸೂಚನೆ ಹೇಗಿರುತ್ತದೆ ಗೊತ್ತಾ? ವಿಎಲ್‌ಸಿ ತೆರೆದಾಗ, ವಿಎಲ್‌ಸಿಯ ಒಳಗಿನಿಂದಲೇ ಒಂದು ಸಣ್ಣ ಕಿಟಕಿ ಬರುತ್ತದೆ. ಹೊಸ ಆವೃತ್ತಿ ಇದೆ, ಇಳಿಸಿಕೊಳ್ಳುತ್ತೀರಾ ಎಂದು ಕೇಳುತ್ತದೆ. ವಿಎಲ್‌ಸಿ ಮುಚ್ಚಿರುವಾಗ ಬರುವುದಿಲ್ಲ. ಹೆದರಿಸುವುದೂ ಇಲ್ಲ.

ಈಗ ಸ್ವಚ್ಛ ಮಾಡುವ ಕೆಲಸ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ತೆರೆದು, ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ಆ ದಿನ ಬಂದು ಕೂತ, ನಿಮಗೆ ಗುರುತಿಲ್ಲದ ಹೆಸರುಗಳನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿ ನೋಡಿ, ನೀವು ಹಾಕದ್ದನ್ನು ತೆಗೆಯಿರಿ. ನೋಟಿಫಿಕೇಶನ್ ಅನುಮತಿಯ ಪಟ್ಟಿಯಲ್ಲಿ ಇರುವ ಸೈಟುಗಳನ್ನೂ ತೆಗೆಯಿರಿ. ಕೊನೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರಿನಲ್ಲಿ 'ಫುಲ್ ಸ್ಕ್ಯಾನ್' ಹಾಕಿ, ಅದು ಎರಡು ಮೂರು ಗಂಟೆ ಹಿಡಿಯಬಹುದು. ಆ ದಿನದಿಂದ ಈಚೆಗೆ ಈ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಅಥವಾ ಇಮೇಲ್ ಪಾಸ್‌ವರ್ಡ್ ಟೈಪ್ ಮಾಡಿದ್ದರೆ, ಫೋನಿನಿಂದ ಅವನ್ನು ಬದಲಾಯಿಸಿ. ಸರ್ಚ್ ಪುಟ ಬದಲಾಗುವ ಕಾಟ ಸಾಮಾನ್ಯವಾಗಿ ಜಾಹೀರಾತಿನ ದುಡ್ಡಿಗಾಗಿ ಮಾಡುವಂಥದ್ದು, ಆದರೂ ಜೊತೆಗೆ ಇನ್ನೇನು ಬಂತು ಎಂದು ಹೊರಗಿನಿಂದ ಹೇಳಲಾಗದು. ಇಷ್ಟು ಮಾಡಿದ ಮೇಲೂ ಆ ಪುಟ ಮತ್ತೆ ಬಂದರೆ, ಗೊತ್ತಿರುವವರಿಂದ ವಿಂಡೋಸನ್ನೇ ಹೊಸದಾಗಿ ಹಾಕಿಸಿ.

ಇನ್ನು ಪಕ್ಕದ ಮನೆಯ ಹುಡುಗ ಹೇಳಿದ 'ಚೀನಾ, ಬ್ಯಾನ್' ವಿಷಯ. ಅವನದ್ದು ಪೂರ್ತಿ ಕಟ್ಟುಕಥೆ ಅಲ್ಲ, ಎರಡು ಬೇರೆ ಬೇರೆ ಸುದ್ದಿ ಬೆರೆತು ಹೋಗಿವೆ.

ವಿಎಲ್‌ಸಿ ಫ್ರಾನ್ಸಿನದು. 1996ರಲ್ಲಿ ಪ್ಯಾರಿಸ್ ಹತ್ತಿರದ ಎಕೋಲ್ ಸಾಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕಿನಲ್ಲಿ ವಿಡಿಯೊ ಹರಿಸಲು ಶುರು ಮಾಡಿದ ಪ್ರಾಜೆಕ್ಟ್. 2001ರಲ್ಲಿ ಅದರ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನು, ಯಾರು ಬೇಕಾದರೂ ನೋಡಿ ಬಳಸುವಂತೆ ಬಿಟ್ಟರು. ಈಗ ನೋಡಿಕೊಳ್ಳುವುದು ವಿಡಿಯೊಲ್ಯಾನ್ ಎಂಬ ಲಾಭದ ಉದ್ದೇಶವಿಲ್ಲದ ಸಂಘ. ಅದರ ಅಧ್ಯಕ್ಷ ಜಾನ್ ಬಾಪ್ಟಿಸ್ಟ್ ಕೆಂಪ್. ಜಾಹೀರಾತು ಸೇರಿಸಿದರೆ ಕೋಟಿಗಟ್ಟಲೆ ಯೂರೊ ಕೊಡುತ್ತೇವೆ ಎಂದು ಬಂದವರನ್ನು ವಾಪಸ್ ಕಳಿಸಿದ್ದಾಗಿ ಅವರು ಹೇಳಿದ್ದಾರೆ. ಆ ಕಿತ್ತಳೆ ಬಣ್ಣದ ರಸ್ತೆ ಕೋನ್ ಗುರುತು ಕೂಡ ಆ ವಿದ್ಯಾರ್ಥಿಗಳ ಕಾಲದ್ದೇ.

2022ರ ಫೆಬ್ರುವರಿ ಹೊತ್ತಿಗೆ ಭಾರತದ ಹಲವು ಇಂಟರ್ನೆಟ್ ಕಂಪನಿಗಳ ಮೂಲಕ ವಿಡಿಯೊಲ್ಯಾನ್ ವೆಬ್‌ಸೈಟ್ ತೆರೆಯದಾಯಿತು. ಸರಕಾರದ ಆದೇಶದ ಮೇರೆಗೆ ಬ್ಲಾಕ್ ಆಗಿದೆ ಎಂಬ ಪುಟ ಬರುತ್ತಿತ್ತು. ಯಾಕೆ ಎಂದು ಆ ಸಂಘಕ್ಕೆ ಯಾರೂ ತಿಳಿಸಿರಲಿಲ್ಲ. ಅವರು ಇಂಟರ್ನೆಟ್ ಬಳಕೆದಾರರ ಹಕ್ಕುಗಳಿಗಾಗಿ ಕೆಲಸ ಮಾಡುವ ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಲೀಗಲ್ ನೋಟಿಸ್ ಕೊಟ್ಟರು. ಆ ವರ್ಷ ನವೆಂಬರಿನಲ್ಲಿ ತಡೆ ತೆರವಾಯಿತು. ಇದರ ನಡುವೆ, ಏಪ್ರಿಲ್‌ನಲ್ಲಿ ಸಿಮ್ಯಾಂಟೆಕ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆಯವರು ಒಂದು ವರದಿ ಕೊಟ್ಟರು. ಚೀನಾಕ್ಕೆ ಸಂಬಂಧಿಸಿದ ಸಿಕಾಡಾ ಎಂಬ ಹ್ಯಾಕರ್ ಗುಂಪು, ತಾವು ಮೊದಲೇ ನುಗ್ಗಿದ್ದ ಕಂಪ್ಯೂಟರುಗಳಲ್ಲಿ ವಿಎಲ್‌ಸಿಯ ಶುದ್ಧ ಪ್ರತಿಯ ಪಕ್ಕ ತಮ್ಮದೊಂದು ಕೆಟ್ಟ ಫೈಲ್ ಇಟ್ಟು, ವಿಎಲ್‌ಸಿಯ ಮೂಲಕ ಅದನ್ನು ಓಡಿಸುತ್ತಿತ್ತು ಎಂಬುದು ಅದರ ಸಾರ. ಕಳ್ಳ ಮನೆಯೊಳಗೆ ಬಂದ ಮೇಲೆ ನಿಮ್ಮದೇ ಕತ್ತಿ ಬಳಸಿದ ಹಾಗೆ. ಕತ್ತಿ ಮಾಡಿದ ಕಮ್ಮಾರನ ತಪ್ಪೇನಿದೆ? ಈ ಎರಡೂ ಸುದ್ದಿ ಸೇರಿ 'ವಿಎಲ್‌ಸಿ ಚೀನಾದ್ದು, ಬ್ಯಾನ್ ಆಯಿತು' ಎಂಬ ಒಂದೇ ಮಾತಾಗಿ ವಾಟ್ಸ್‌ಆ್ಯಪಿನಲ್ಲಿ ಓಡಾಡಿತು.

ಆ ತಡೆಯಿಂದ ಆದ ನಿಜವಾದ ಹಾನಿ ಬೇರೆಯೇ. ಮೂಲ ಸೈಟ್ ತೆರೆಯದಿದ್ದಾಗ ಜನ ಸಿಕ್ಕ ಸಿಕ್ಕ ಸೈಟಿನಿಂದ ವಿಎಲ್‌ಸಿ ಇಳಿಸಿಕೊಂಡರು. ನಾನು ಇಪ್ಪತ್ತು ವರ್ಷದಿಂದ ಶಾಲೆ, ಸ್ಟುಡಿಯೊ, ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ಆ ವರ್ಷ ಒಂದು ಮದುವೆ ವಿಡಿಯೊ ಸ್ಟುಡಿಯೊದಿಂದ ಕರೆ ಬಂತು. ಹೋಗಿ ನೋಡಿದರೆ, ಅಲ್ಲಿನ ಹುಡುಗ ಇಳಿಸಿಕೊಂಡ ಪುಟದಲ್ಲಿ ದೊಡ್ಡ ಹಸಿರು 'ಡೌನ್‌ಲೋಡ್' ಬಟನ್ ಮೂರಿದ್ದವು. ಮೂರೂ ಜಾಹೀರಾತು. ನಿಜವಾದ ಲಿಂಕ್ ಕೆಳಗೆಲ್ಲೋ ಸಣ್ಣ ನೀಲಿ ಅಕ್ಷರದಲ್ಲಿತ್ತು. ಅವನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ 'ವಿಎಲ್‌ಸಿ' ಫೈಲಿನ ಗಾತ್ರ 3 ಎಂಬಿಯೂ ಇರಲಿಲ್ಲ. ನಿಜವಾದ ವಿಎಲ್‌ಸಿ ಇನ್‌ಸ್ಟಾಲರ್ ಸುಮಾರು 40 ಎಂಬಿ ಇರುತ್ತದೆ. ಆ ಒಂದು ಸಂಖ್ಯೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಮದುವೆ ಮನೆಯವರ ಫೈಲುಗಳೆಲ್ಲ ಉಳಿದವು ಎನ್ನುವುದೇ ಸಮಾಧಾನ, ಆದರೆ ಎಡಿಟಿಂಗ್ ಕಂಪ್ಯೂಟರ್ ಎರಡು ದಿನ ನಿಂತಿತು.

ನಿಮ್ಮ ಅಳಿಯನ ಮಾತಿಗೆ ಬರುತ್ತೇನೆ. 'ನಡೀತಾ ಇರೋದನ್ನ ಮುಟ್ಟಬೇಡಿ' ಎನ್ನುವುದು ಮಿಕ್ಸಿಗೆ, ಪಂಪ್‌ಸೆಟ್ಟಿಗೆ ಸರಿ. ಹೊರಗಿನಿಂದ ಬಂದ ಫೈಲನ್ನು ತೆರೆಯುವ ಪ್ರೋಗ್ರಾಂಗೆ ಸರಿಯಲ್ಲ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು.

ವಿಡಿಯೊ ಫೈಲ್ ಎಂದರೆ ಬರೀ ಚಿತ್ರಗಳ ಕಂತೆ ಅಲ್ಲ. ಅದರೊಳಗೆ ಸಾಲು ಸಾಲು ಸೂಚನೆಗಳಿರುತ್ತವೆ: ಇಲ್ಲಿಂದ ಇಷ್ಟು ಭಾಗ ಚಿತ್ರ, ಇಷ್ಟು ಧ್ವನಿ, ಇಷ್ಟು ಸಬ್‌ಟೈಟಲ್. ಪ್ಲೇಯರ್ ಆ ಅಳತೆ ನಂಬಿ ಮೆಮೊರಿಯಲ್ಲಿ ಜಾಗ ಮಾಡುತ್ತದೆ. ಕಿಡಿಗೇಡಿಯೊಬ್ಬ 'ಒಂದು ಪಾವು ಅಕ್ಕಿ ಇದೆ' ಎಂದು ಬರೆದು, ಚೀಲದಲ್ಲಿ ಒಂದು ಸೇರು ತುಂಬಿ ಕಳಿಸಿದ ಅಂತಿಟ್ಟುಕೊಳ್ಳಿ. ಪ್ಲೇಯರ್ ಅಳತೆ ಪರೀಕ್ಷೆ ಮಾಡದೆ ಸುರಿದರೆ, ಹೆಚ್ಚಾದದ್ದು ಪಕ್ಕದ ಪಾತ್ರೆಗೆ ಚೆಲ್ಲುತ್ತದೆ. ಆ ಪಕ್ಕದ ಪಾತ್ರೆಯಲ್ಲಿ ಕಂಪ್ಯೂಟರ್ ಮುಂದೆ ಏನು ಮಾಡಬೇಕು ಎಂಬ ಆಜ್ಞೆಗಳಿದ್ದರೆ, ಅವು ಅಳಿಸಿ ಕಿಡಿಗೇಡಿಯ ಆಜ್ಞೆಗಳು ಬಂದು ಕೂರುತ್ತವೆ. ವಿಎಲ್‌ಸಿಯಂಥ ಪ್ಲೇಯರ್ ನೂರಾರು ಬಗೆಯ ಫೈಲ್ ಓದುತ್ತದೆ, ಹಾಗಾಗಿ ಇಂಥ ಸಂದುಗಳು ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಹುಡುಕಿದಂತೆ ಮುಚ್ಚುತ್ತಾ ಹೋಗುವುದೇ ಅಪ್‌ಡೇಟ್.

ಎಷ್ಟು ಸಂದು ಸಿಗುತ್ತವೆ ಎನ್ನುವುದಕ್ಕೆ ಒಂದು ಉದಾಹರಣೆ. ಯುರೋಪಿಯನ್ ಕಮಿಷನ್ ದುಡ್ಡು ಇಟ್ಟು, ತಪ್ಪು ಹುಡುಕಿದವರಿಗೆ ಬಹುಮಾನ ಕೊಡುವ ಯೋಜನೆ ಮಾಡಿತ್ತು. ಅದರ ಫಲವಾಗಿ 2019ರ ಜೂನ್‌ನಲ್ಲಿ ಬಂದ 3.0.7 ಆವೃತ್ತಿಯಲ್ಲಿ ಒಂದೇ ಸಲಕ್ಕೆ 30ಕ್ಕೂ ಹೆಚ್ಚು ಭದ್ರತಾ ದೋಷಗಳನ್ನು ಸರಿ ಮಾಡಿದರು. ನಿಮ್ಮ 2.2.1 ಬಂದದ್ದು 2015ರಲ್ಲಿ.

ನಿಮಗೆ ಇನ್ನೂ ಹತ್ತಿರದ ವಿಷಯ ಸಬ್‌ಟೈಟಲ್. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯವರು ತೋರಿಸಿದ್ದು ಇದನ್ನೇ: ಕೆಟ್ಟದಾಗಿ ತಯಾರಿಸಿದ ಒಂದು ಸಬ್‌ಟೈಟಲ್ ಫೈಲ್ ಸಾಕು, ಅದನ್ನು ತೆರೆದ ಕಂಪ್ಯೂಟರ್ ಇನ್ನೊಬ್ಬರ ಕೈಗೆ ಹೋಗುತ್ತದೆ. ವಿಎಲ್‌ಸಿ, ಕೋಡಿ ಮುಂತಾದ ಪ್ಲೇಯರುಗಳಲ್ಲಿ ಈ ದೋಷ ಇತ್ತು. ಕೂಡಲೇ ಸರಿಪಡಿಸಿದ ಆವೃತ್ತಿಗಳು ಬಂದವು. ನಿಮ್ಮದು ಅದಕ್ಕಿಂತ ಹಿಂದಿನದು. ನೀವೇ ಟೈಪ್ ಮಾಡಿದ ಸಬ್‌ಟೈಟಲಿನಿಂದ ಅಪಾಯ ಇಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ಮಾತ್ರ ಈ ಹಳೆ ಪ್ಲೇಯರಿನಲ್ಲಿ ತೆರೆಯಬೇಡಿ.

ಹಾಗಂತ ಪೇಪರಿನಲ್ಲಿ ಬರುವ ಪ್ರತಿ ಸುದ್ದಿಗೂ ಹೆದರಬೇಕಿಲ್ಲ. 2019ರ ಜುಲೈನಲ್ಲಿ ಜರ್ಮನಿಯ ಸರಕಾರಿ ಸೈಬರ್ ಭದ್ರತಾ ತಂಡ ವಿಎಲ್‌ಸಿಯಲ್ಲಿ ಭಾರೀ ದೋಷ ಇದೆ ಎಂದು ಎಚ್ಚರಿಸಿತು. 'ಈಗಲೇ ವಿಎಲ್‌ಸಿ ತೆಗೆದುಹಾಕಿ' ಎಂದು ಎಲ್ಲ ಕಡೆ ತಲೆಬರಹ. ಆಮೇಲೆ ನೋಡಿದರೆ ದೋಷ ವಿಎಲ್‌ಸಿ ಬಳಸುವ ಬೇರೊಂದು ಲೈಬ್ರರಿಯದ್ದು (ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಲು ಬರೆದಿಟ್ಟ ಸಿದ್ಧ ಕೋಡ್), ಅದನ್ನು ಸರಿಪಡಿಸಿ ವರ್ಷದ ಮೇಲಾಗಿತ್ತು. ದೂರು ಕೊಟ್ಟವರ ಕಂಪ್ಯೂಟರಿನಲ್ಲಿ ಲಿನಕ್ಸಿನ ಹಳೆ ಲೈಬ್ರರಿ ಉಳಿದುಕೊಂಡಿತ್ತು. ನನಗೆ ಈ ಘಟನೆ ಯಾವಾಗಲೂ ನೆನಪಿಗೆ ಬರುತ್ತದೆ. ಅಪ್‌ಡೇಟ್ ಮಾಡಿದವರಿಗೆ ಆ ಸುದ್ದಿ ಸುಳ್ಳು, ಮಾಡದವರಿಗೆ ನಿಜ.

ಅಪ್‌ಡೇಟ್ ಮಾಡುವುದು ಹೇಗೆ? ವಿಎಲ್‌ಸಿಯಲ್ಲಿ 'ಹೆಲ್ಪ್' ಮೆನುವಿನ 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿದರೆ ಸಾಮಾನ್ಯವಾಗಿ ಸಾಕು. ಆದರೆ ನಿಮ್ಮದು ಬಹಳ ಹಳೆಯದು. ಜೊತೆಗೆ ಆ ಅಪ್‌ಡೇಟ್ ವ್ಯವಸ್ಥೆಯೇ ಕೈಕೊಟ್ಟದ್ದೂ ಇದೆ. 2021ರಲ್ಲಿ ಒಂದೆರಡು ಆವೃತ್ತಿಗಳು ಹೊಸದನ್ನು ಇಳಿಸಿಕೊಳ್ಳುತ್ತಿದ್ದವು, ಆದರೆ ಇನ್‌ಸ್ಟಾಲ್ ಮಾಡುತ್ತಿರಲಿಲ್ಲ. 3.0.14ರಲ್ಲಿ ಅದನ್ನು ಸರಿ ಮಾಡಿದರು. ಹಾಗಾಗಿ ನೀವು ಈ ಸಲ ಕೈಯಾರೆ ಮಾಡಿ.

ಬ್ರೌಸರಿನ ಮೇಲಿನ ವಿಳಾಸದ ಪಟ್ಟಿಯಲ್ಲಿ ವಿಡಿಯೊಲ್ಯಾನ್ ಡಾಟ್ ಆರ್ಗ್ ಎಂದು ಇಂಗ್ಲಿಷಿನಲ್ಲಿ ನೀವೇ ಟೈಪ್ ಮಾಡಿ. ಸರ್ಚ್ ಮಾಡಬೇಡಿ. ಸರ್ಚಿನಲ್ಲಿ ಮೊದಲು ಬರುವುದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅಲ್ಲಿಂದ ಇಳಿಸಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್' ತೆರೆಯಿರಿ. 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಟ್ಯಾಬ್ ಇರಬೇಕು. ಒಳಗೆ ವಿಡಿಯೊಲ್ಯಾನ್ ಎಂಬ ಹೆಸರು ಇರಬೇಕು. ರಿಜಿಸ್ಟರ್ ಪತ್ರದ ಮೇಲಿನ ಸೀಲಿನ ಹಾಗೆ ಇದು. ಆ ಟ್ಯಾಬೇ ಇಲ್ಲದಿದ್ದರೆ, ಬೇರೆ ಹೆಸರಿದ್ದರೆ, ಫೈಲ್ ಅಳಿಸಿ. ಇನ್‌ಸ್ಟಾಲ್ ಶುರುವಾಗುವಾಗ ವಿಂಡೋಸ್ ಅನುಮತಿ ಕೇಳುವ ಕಿಟಕಿಯಲ್ಲೂ ಅದೇ ಹೆಸರು ಕಾಣಬೇಕು. ಅಲ್ಲಿ ಹಳದಿ ಬಣ್ಣದಲ್ಲಿ 'ಅನ್‌ನೋನ್' ಎಂದು ಬಂದರೆ ಬೇಡ ಅನ್ನಿ.

ಹಳೆಯ ವಿಎಲ್‌ಸಿ ತೆಗೆಯಬೇಕೇ ಎಂದು ಇನ್‌ಸ್ಟಾಲರ್ ಕೇಳಿದರೆ ಹೌದು ಅನ್ನಿ. ಇದು ಮುಖ್ಯ. ಹಳೆಯದು 32 ಬಿಟ್, ಹೊಸದು 64 ಬಿಟ್ ಆದಾಗ ಎರಡೂ ಬೇರೆ ಬೇರೆ ಫೋಲ್ಡರಿನಲ್ಲಿ ಉಳಿದು, ಡಬಲ್ ಕ್ಲಿಕ್ ಮಾಡಿದರೆ ಹಳೆಯದೇ ತೆರೆಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆಗ ಅಪ್‌ಡೇಟ್ ಮಾಡಿದೆವು ಅಂದುಕೊಂಡಿರುತ್ತೇವೆ, ನಿಜದಲ್ಲಿ ಆಗಿರುವುದಿಲ್ಲ. ಮುಗಿದ ಮೇಲೆ ಒಂದು ವಿಡಿಯೊ ತೆರೆದು, 'ಹೆಲ್ಪ್' ಮೆನುವಿನ 'ಅಬೌಟ್' ಒತ್ತಿ ನೋಡಿ. ಸಂಖ್ಯೆ 3ರಿಂದ ಶುರುವಾಗಬೇಕು. ಲ್ಯಾಪ್‌ಟಾಪ್ ಹಳೆಯದು ಎಂಬ ಅಂಜಿಕೆ ಬೇಡ. ವಿಎಲ್‌ಸಿ 3 ವಿಂಡೋಸ್ ಎಕ್ಸ್‌ಪಿಯಲ್ಲೂ ಓಡುವಂತೆ ಮಾಡಿದ್ದಾರೆ.

ವಿಂಡೋಸ್ 10ರ ಬಗ್ಗೆಯೂ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. ಪ್ಲೇಯರ್ ಹೊಸದಾದರೂ ವಿಂಡೋಸ್ ಹಳೆಯದಾಗೇ ಉಳಿದರೆ, ಹಳೆ ಕದಕ್ಕೆ ಹೊಸ ಬೀಗ ಹಾಕಿದಂತೆ. ಮಗ ಊರಿಗೆ ಬಂದಾಗ ಇದರ ಬಗ್ಗೆ ಕೂತು ಮಾತಾಡಿ.

ಈಗ ಬೇರೆ ಪ್ಲೇಯರಿನ ಪ್ರಶ್ನೆ. ಬೇರೆಯದಕ್ಕೆ ಹೋದರೆ ಭದ್ರತೆ ತಾನಾಗಿ ಹೆಚ್ಚುವುದಿಲ್ಲ. ಕಾರಣ ಇಷ್ಟೇ. ಉಚಿತ ಪ್ಲೇಯರುಗಳಲ್ಲಿ ಹೆಚ್ಚಿನವು ಒಳಗೆ ಎಫ್‌ಎಫ್‌ಎಂಪೆಗ್ ಎಂಬ ಒಂದೇ ಎಂಜಿನ್ ಬಳಸುತ್ತವೆ. ಫಾಬ್ರೀಸ್ ಬೆಲ್ಲಾರ್ ಎಂಬವರು 2000ದಲ್ಲಿ ಶುರು ಮಾಡಿದ್ದು. ಹೊರಗಿನ ಬಾಡಿ ಬೇರೆ, ಎಂಜಿನ್ ಅದೇ. ಆ ಎಂಜಿನ್ನಿನಲ್ಲಿ ದೋಷ ಸಿಕ್ಕಾಗ, ಯಾವ ಪ್ಲೇಯರಿನವರು ಬೇಗ ಸರಿಪಡಿಸಿ ಕೊಡುತ್ತಾರೆ, ಅದು ನಿಮ್ಮ ಕೈಗೆ ಎಷ್ಟು ಸುಲಭವಾಗಿ ತಲುಪುತ್ತದೆ ಎನ್ನುವುದನ್ನು ನೋಡಿ ಆಯ್ಕೆ ಮಾಡಬೇಕು.

ಈ ದೃಷ್ಟಿಯಿಂದ ನೋಡಿದರೆ, ಎಂಪಿಸಿ-ಎಚ್‌ಸಿ ನನಗೆ ಇಷ್ಟದ್ದು. ಹಗುರ, ಹಳೆಯ ವಿಂಡೋಸ್ ಪ್ಲೇಯರಿನಂತೆಯೇ ಕಾಣುತ್ತದೆ, ಹಳೆ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಅದರಲ್ಲಿ ಒಂದು ಬಲೆ ಇದೆ. ಮೂಲ ತಂಡ 2017ರ ಜುಲೈನಲ್ಲಿ 1.7.13 ಆವೃತ್ತಿ ಕೊಟ್ಟು ಕೆಲಸ ನಿಲ್ಲಿಸಿತು. ಆಮೇಲೆ ಬೇರೊಬ್ಬರು ಗಿಟ್‌ಹಬ್ ಎಂಬ, ಸೋರ್ಸ್ ಕೋಡ್ ಇಟ್ಟು ಹಂಚಿಕೊಳ್ಳುವ ವೆಬ್‌ಸೈಟಿನಲ್ಲಿ ಅದನ್ನು ಮುಂದುವರಿಸಿದರು, ಈಗ ಅದರ ಸಂಖ್ಯೆ 2ರಿಂದ ಶುರುವಾಗುತ್ತದೆ. ಗೊತ್ತಿಲ್ಲದವರು 1.7.13 ಹಾಕಿಕೊಂಡು ಇದೇ ಕೊನೆಯ ಆವೃತ್ತಿ, ಅಪ್‌ಡೇಟ್ ಇಲ್ಲ ಎಂದು ನೆಮ್ಮದಿಯಿಂದ ಇರುತ್ತಾರೆ. ಅಪ್‌ಡೇಟ್ ಬರುವುದು ನಿಂತ ಪ್ಲೇಯರ್ ಸುರಕ್ಷಿತ ಅಂತಲ್ಲ, ಅದನ್ನು ನೋಡಿಕೊಳ್ಳುವವರಿಲ್ಲ ಅಂತ ಅರ್ಥ. ವಿಂಡೋಸಿಗಾಗಿ ಇದ್ದ ಆ್ಯಪಲ್‌ನ ಕ್ವಿಕ್‌ಟೈಮ್ ಕಥೆಯೂ ಹೀಗೆಯೇ ಆಯಿತು. 2016ರಲ್ಲಿ ಅದರಲ್ಲಿ ಎರಡು ದೋಷ ಸಿಕ್ಕವು, ಆ್ಯಪಲ್ ಬೆಂಬಲ ನಿಲ್ಲಿಸಿತ್ತು, ಅಮೆರಿಕದ ಸರಕಾರಿ ಸೈಬರ್ ಭದ್ರತಾ ತಂಡವೇ ಅದನ್ನು ತೆಗೆದುಹಾಕಿ ಎಂದು ಹೇಳಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ವಿಕ್‌ಟೈಮ್ ಇನ್ನೂ ಉಳಿದಿದ್ದರೆ ಇವತ್ತೇ ತೆಗೆಯಿರಿ.

ಎಂಪಿವಿ ಎಂಬುದು ಚಿತ್ರದ ಗುಣಮಟ್ಟದಲ್ಲಿ ಬಹಳ ಒಳ್ಳೆಯದು. ನೀವು ಆಟದ ಹೆಜ್ಜೆಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವುದಾದರೆ ಅದರ ಒಂದು ಗುಣ ನಿಮಗೆ ಇಷ್ಟವಾಗಬಹುದು. ವಿಎಲ್‌ಸಿಯಲ್ಲಿ 'ಇ' ಕೀ ಒತ್ತಿದರೆ ಒಂದೊಂದೇ ಚಿತ್ರ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಎಂಪಿವಿಯಲ್ಲಿ ಫುಲ್‌ಸ್ಟಾಪ್ ಕೀ ಮುಂದಕ್ಕೆ, ಕಾಮಾ ಕೀ ಹಿಂದಕ್ಕೆ. ಮಂಡಿ ಹಾಕಿ ತಿರುಗುವಾಗ ಕಾಲು ಎಲ್ಲಿ ಊರಿತು ಎಂದು ಹಿಂದೆ ಮುಂದೆ ಮಾಡಿ ನೋಡಬಹುದು. ಆದರೆ ಅದರಲ್ಲಿ ಮೆನುಗಳು ಕಡಿಮೆ, ಸೆಟ್ಟಿಂಗ್ ಎಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆಯಬೇಕು. ವಿಂಡೋಸಿಗೆ ಬೇರೆಯವರು ಸಿದ್ಧಪಡಿಸಿದ ಪ್ರತಿಗಳನ್ನು ಹುಡುಕಿ ತರಬೇಕು, ಹೊಸದು ಬಂತೇ ಎಂದು ನೀವೇ ನೋಡುತ್ತಿರಬೇಕು. ಎಂಪಿವಿಗೇ ಮೆನು, ಬಟನ್ ಹಾಕಿದಂಥ ಎಸ್‌ಎಂಪ್ಲೇಯರ್ ಇದೆ, ಬೇಕಾದರೆ ಅದು ಸುಲಭ.

ಪಾಟ್‌ಪ್ಲೇಯರ್ ದಕ್ಷಿಣ ಕೊರಿಯಾದ ಕಾಕಾವೊ ಕಂಪನಿಯದು. ಕೆಟ್ಟ ಪ್ಲೇಯರ್ ಅಲ್ಲ, ಅನುಕೂಲಗಳು ತುಂಬಾ ಇವೆ. ಆದರೆ ಸೋರ್ಸ್ ಕೋಡ್ ಮುಚ್ಚಿಟ್ಟದ್ದು, ಒಳಗೆ ಏನಿದೆ ಎಂದು ಹೊರಗಿನವರು ಪರೀಕ್ಷಿಸಲಾಗದು. ಸೆಟ್ಟಿಂಗ್‌ಗಳ ಕಾಡು. ನಿಮಗೆ ಅದರ ಅಗತ್ಯ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ ಜೊತೆ ಬರುವ ಪ್ಲೇಯರ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ, ಅದು ದೊಡ್ಡ ಅನುಕೂಲ. ಆದರೆ ನಿಮ್ಮ ಹಳೆ ಡಿವಿಡಿ ಫೈಲುಗಳಿಗೆ ಅದು ಸಾಲದು. ಕೋಡೆಕ್ ಪ್ಯಾಕ್ (ಬಗೆಬಗೆಯ ವಿಡಿಯೊ ಬಿಚ್ಚಿ ಓದುವ ಪ್ರೋಗ್ರಾಂಗಳ ಕಟ್ಟು) ಹಾಕಿ ಎಂದು ಯಾರಾದರೂ ಹೇಳಿದರೆ, ಬೇಡ ಅನ್ನಿ. ವಿಎಲ್‌ಸಿ, ಎಂಪಿವಿಗಳಿಗೆ ಬೇಕಾದದ್ದೆಲ್ಲ ಅವುಗಳ ಒಳಗೇ ಇದೆ.

ಅಪ್‌ಡೇಟಿನ ದಾರಿಯೇ ಕೆಡುವ ಸಂಭವವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2014ರ ಜನವರಿಯಲ್ಲಿ ಜಪಾನಿನ ಮೊಂಜು ಅಣು ಸ್ಥಾವರದ ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ವೈರಸ್ ಬಂದದ್ದು ಗಾಮ್ ಪ್ಲೇಯರ್ ಎಂಬ ವಿಡಿಯೊ ಪ್ಲೇಯರಿನ ಅಪ್‌ಡೇಟಿನಿಂದ. ಅಪ್‌ಡೇಟ್ ಕೇಳಿದ ಕಂಪ್ಯೂಟರನ್ನು ಹ್ಯಾಕರುಗಳು ತಮ್ಮ ಕಡೆಗೆ ತಿರುಗಿಸಿದ್ದರು. 2017ರಲ್ಲಿ ಮ್ಯಾಕ್ ಕಂಪ್ಯೂಟರುಗಳ ಎಲ್ಮೀಡಿಯಾ ಪ್ಲೇಯರಿನ ಸ್ವಂತ ಸರ್ವರಿನಲ್ಲೇ ಕೆಟ್ಟ ಪ್ರತಿ ಸೇರಿಸಿದ್ದರು. ಇಂಥವು ಅಪರೂಪ. ಸಿಗ್ನೇಚರ್ ನೋಡುವ ಅಭ್ಯಾಸ ಇದ್ದರೆ ಎಲ್ಲವೂ ಅಲ್ಲದಿದ್ದರೂ ಹಲವು ಸಿಕ್ಕಿಬೀಳುತ್ತವೆ. ಹಳೆಯದರಲ್ಲಿ ಕೂರುವ ಅಪಾಯ ಮಾತ್ರ ದಿನವೂ ಇರುವಂಥದ್ದು.

ಹಾಗಾಗಿ ನನ್ನ ಸಲಹೆ, ವಿಎಲ್‌ಸಿಯಲ್ಲೇ ಇರಿ, 3ಕ್ಕೆ ಬನ್ನಿ. ಜೊತೆಗೆ ಎರಡನೆಯ ಪ್ಲೇಯರ್ ಬೇಕು ಅನಿಸಿದರೆ ಮುಂದುವರಿದ ಎಂಪಿಸಿ-ಎಚ್‌ಸಿ ಹಾಕಿ. ಮೂರನೆಯದು ಬೇಡ. ಹಾಕಿದ ಪ್ರತಿಯೊಂದನ್ನೂ ನೋಡಿಕೊಳ್ಳಬೇಕಲ್ಲ.

ಮಗನ ವಿಡಿಯೊ ತಡೆದು ಓಡುವುದಕ್ಕೆ ಪ್ಲೇಯರ್ ಅರ್ಧ ಕಾರಣ ಮಾತ್ರ. ಈಗಿನ ಫೋನುಗಳು ಎಚ್‌ಇವಿಸಿ ಎಂಬ ಬಿಗಿಯಾಗಿ ಮಡಚಿದ ರೂಪದಲ್ಲಿ, ಎಷ್ಟೋ ಸಲ 4ಕೆ ಗಾತ್ರದಲ್ಲಿ ರೆಕಾರ್ಡ್ ಮಾಡುತ್ತವೆ. ಅದನ್ನು ಬಿಚ್ಚುವ ಕೆಲಸಕ್ಕೆ ಇಂಟೆಲ್ ಚಿಪ್ಪುಗಳಲ್ಲಿ 6ನೇ ತಲೆಮಾರಿನಿಂದ ಪ್ರತ್ಯೇಕ ಭಾಗ ಇದೆ. ಅದಕ್ಕಿಂತ ಹಳೆಯದಾದರೆ ಪ್ರೊಸೆಸರ್ ಒಂದೇ ಒದ್ದಾಡಬೇಕು, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಚಿತ್ರ ನಿಲ್ಲುತ್ತದೆ. 2015ರ ನಿಮ್ಮ ಲ್ಯಾಪ್‌ಟಾಪ್ ಹೆಚ್ಚಾಗಿ ಹಾಗಿರುವುದೇ. ವಿಎಲ್‌ಸಿ 3 ಬಂದರೆ, ಚಿಪ್ಪಿಗೆ ಆ ಶಕ್ತಿ ಇದ್ದರೆ ತಾನಾಗಿ ಬಳಸಿಕೊಳ್ಳುತ್ತದೆ. ಆಗಲೂ ತಡೆದರೆ, ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್.264, 1080 ಎಂದು ಬದಲಾಯಿಸಲು ಮಗನಿಗೆ ಹೇಳಿ. ಐಫೋನ್ ಆದರೆ ಅದರ ಹೆಸರು 'ಮೋಸ್ಟ್ ಕಂಪ್ಯಾಟಿಬಲ್'.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆ ಡಿವಿಡಿಯ ಆಟದಲ್ಲಿ ವೇಷಧಾರಿ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತಿದ್ದರೆ ಅದು ಡಿಸ್ಕ್ ಕೆಟ್ಟದ್ದಲ್ಲ. ಆಗಿನ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವನ್ನು ಸರಿಸಾಲು, ಬೆಸಸಾಲು ಎಂದು ಎರಡು ಸಲ ಚಿತ್ರಿಸುತ್ತಿದ್ದರು. ವಿಎಲ್‌ಸಿಯಲ್ಲಿ 'ಡಿ' ಕೀ ಒತ್ತಿ, ಗೆರೆಗಳು ಮಾಯವಾಗುತ್ತವೆ.

ಕೊನೆಗೆ ನಿಮ್ಮ ಸಬ್‌ಟೈಟಲ್. ಕನ್ನಡದ ಅಕ್ಷರವನ್ನು ಪರದೆಗೆ ತರುವುದು ಇಂಗ್ಲಿಷಿನಷ್ಟು ಸುಲಭ ಅಲ್ಲ. 'ಕೃಷ್ಣ' ಎಂದು ಟೈಪ್ ಮಾಡಿದರೆ ಫೈಲಿನಲ್ಲಿ ಇರುವುದು ಕ, ವಟ್ರಸುಳಿ, ಷ, ಅದನ್ನು ಅರ್ಧಾಕ್ಷರ ಮಾಡುವ ಹಲಂತದ ಗುರುತು, ಣ ಎಂದು ಬಿಡಿ ಬಿಡಿಯಾಗಿ. ಣ ಕೆಳಗಿಳಿದು ಒತ್ತಾಗಬೇಕು ಎಂದು ತಿಳಿದು ಜೋಡಿಸುವುದು ಪ್ಲೇಯರಿನ ಕೆಲಸ. ಹಳೆಯ 2ನೇ ಸರಣಿಯ ವಿಎಲ್‌ಸಿಗೆ ಆ ಜೋಡಣೆ ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ 'ಕೃಷ್‌ಣ' ಆಗಿ ನಿಲ್ಲುತ್ತಿತ್ತು. 3ನೇ ಸರಣಿಯಲ್ಲಿ ಇದಕ್ಕೆಂದೇ ಇರುವ ಹಾರ್ಫ್‌ಬಜ್ ಎಂಬ ಲೈಬ್ರರಿ ಸೇರಿಸಿದರು. ನಿಮ್ಮ ಸಮಸ್ಯೆಗೆ ಅಪ್‌ಡೇಟ್ ಒಂದೇ ಸಾಕಾಗಬಹುದು. ಅಕ್ಷರದ ಬದಲು ಖಾಲಿ ಚೌಕ ಕಂಡರೆ 'ಟೂಲ್ಸ್' ಮೆನುವಿನ 'ಪ್ರಿಫರೆನ್ಸಸ್'ನಲ್ಲಿ ಸಬ್‌ಟೈಟಲ್ ವಿಭಾಗಕ್ಕೆ ಹೋಗಿ, ಫಾಂಟ್ 'ನಿರ್ಮಲಾ ಯುಐ' ಎಂದು, ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಪದ್ಧತಿ) ಯುಟಿಎಫ್-8 ಎಂದು ಇಡಿ.

ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಕೆಳಗೆ 'ಎನ್‌ಕೋಡಿಂಗ್' ಎಂಬ ಜಾಗದಲ್ಲೂ ಯುಟಿಎಫ್-8 ಇರಬೇಕು. ಅಲ್ಲಿ ಎಎನ್‌ಎಸ್‌ಐ ಇದ್ದು, ಎಚ್ಚರಿಕೆ ಬಂದಾಗ ಓಕೆ ಒತ್ತಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಸೇವ್ ಆಗುತ್ತದೆ. ಹಾಗಾದದ್ದನ್ನು ಯಾವ ಪ್ಲೇಯರೂ ಮತ್ತೆ ಪದ್ಯ ಮಾಡಲಾರದು, ಮತ್ತೆ ಟೈಪ್ ಮಾಡಬೇಕಾಗುತ್ತದೆ. ಈಗ ಇರುವ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಒಮ್ಮೆ ನೋಡಿಕೊಳ್ಳಿ. ಅಲ್ಲಿ ಪದ್ಯ ಸರಿಯಾಗಿ ಕಂಡರೆ ನಿಮ್ಮ ಶ್ರಮ ಉಳಿದಿದೆ. ಮೊಮ್ಮಗಳಿಗೆ ಕಳಿಸುವಾಗ ವಿಡಿಯೊ, ಸಬ್‌ಟೈಟಲ್ ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿ. ಅವಳು ವಿಎಲ್‌ಸಿಯಲ್ಲಿ ಆಟ ತೆರೆದ ಕೂಡಲೇ ನೀವು ಬರೆದ ಪದ್ಯ ತಾನಾಗಿ ಕೆಳಗೆ ಬರುತ್ತದೆ.